ಮೂವತ್ತೊಂದನೇ ಬೋರಿನ ಬಣ್ಣ

ಜನವರಿ 6

ಅಕ್ಕನಿಗೆ,

ಹೊಸ ಕ್ಯಾಂಪಿಗೆ ಬಂದು ಮೂರು ವಾರವಾಯಿತು. ನನಗೆ ಕೊಟ್ಟಿರುವುದು ಒಂದು ತಗಡಿನ ಕೋಣೆ. ಮಂಚ, ಮೇಜು, ನಕ್ಷೆ ಅಂಟಿಸಲು ಒಂದು ಗೋಡೆ. ಬಾಗಿಲ ಮೇಲೆ ‘ಮುಖ್ಯಸ್ಥರು’ ಎಂದು ಬರೆಸಿದ್ದಾರೆ. ಒಳಗೆ ಬಂದವರು ನನ್ನನ್ನೇ ನೋಡಿ, “ಮುಖ್ಯಸ್ಥರು ಎಲ್ಲಮ್ಮಾ?” ಅಂತಾರೆ. ನಾನೂ ಒಂದೆರಡು ಸಲ ಹಿಂದೆ ತಿರುಗಿ ನೋಡಿದ್ದೇನೆ.

ಫೋನು ಇಲ್ಲಿ ಸಿಗುವುದಿಲ್ಲ. ವೈರ್‌ಲೆಸ್ ಇದೆ. ದಿನಾ ಬೆಳಿಗ್ಗೆ ಏಳಕ್ಕೆ ಐದು ಕ್ಯಾಂಪುಗಳೂ ನಿಮ್ಮ ಶೆಡ್ಡಿನ ಪಕ್ಕದ ಆಫೀಸೂ ಒಟ್ಟಿಗೆ ಕಿವಿಗೊಟ್ಟು ಕೂತಿರುತ್ತವೆ. ಮೊನ್ನೆ ನಮ್ಮ ಅಡುಗೆಯವನು ಅದರಲ್ಲಿ ಹೆಂಡತಿಗೆ “ಕೋಪ ಬಿಡು” ಎಂದು ಹೇಳಿಸಿಬಿಟ್ಟ. ಈಗ ಯಾವ ಕ್ಯಾಂಪಿನವರು ಸಿಕ್ಕರೂ “ಬಿಟ್ಟಳೇನಯ್ಯಾ?” ಎಂದು ಕೇಳುತ್ತಾರೆ. ಆದ್ದರಿಂದ ನಮ್ಮಿಬ್ಬರ ಮಾತು ಪತ್ರದಲ್ಲೇ ಇರಲಿ. ಕೊರೆದು ತೆಗೆದ ಕಲ್ಲಿನ ಕಡ್ಡಿಗಳ ಪೆಟ್ಟಿಗೆಯನ್ನು ನಿಮ್ಮ ಶೆಡ್ಡಿಗೆ ತರುವ ಲಾರಿ ಡ್ರೈವರ್ ಕೈಗೆ, ಸ್ಯಾಂಪಲ್ ಚೀಲದೊಳಗೆ ಹಾಕಿ ಕೊಡುತ್ತೇನೆ.

ಹೊಸದಾಗಿ ಸೇರಿದವರಿಗೆ ನಿನ್ನೆ ಪಾಠ ಮಾಡಿದೆ. ನೀನು ನನಗೆ ಹೇಳಿಕೊಟ್ಟ ಹಾಗೆಯೇ ಹೇಳಿದೆ. ಮಳೆನೀರು ಗಾಳಿಯನ್ನು ಕೂಡಿಸಿಕೊಂಡು ಮರಳುಗಲ್ಲಿನೊಳಗೆ ಇಳಿಯುತ್ತದೆ, ಆ ಗಾಳಿಯ ಬಲ ಇರುವವರೆಗೆ ಯುರೇನಿಯಮ್ಮನ್ನು ಕರಗಿಸಿ ಹೊತ್ತುಕೊಂಡು ಹೋಗುತ್ತದೆ, ಹೋದ ದಾರಿಯ ಮರಳೆಲ್ಲ ತುಕ್ಕು ಹಿಡಿದು ಹಳದಿಯೋ ಕೆಂಪೋ ಆಗುತ್ತದೆ. ಮುಂದೆ ಒಂದು ಕಡೆ ಬೂದು ಮರಳು ಎದುರಾಗುತ್ತದೆ. ಅದರಲ್ಲಿ ಯಾವುದೋ ಕಾಲದಲ್ಲಿ ಹೂತುಹೋದ ಮರದ ಚೂರು, ಕೊಳೆತ ಎಲೆ. ಅವು ನೀರಿನ ಗಾಳಿಯನ್ನು ತಿಂದುಹಾಕುತ್ತವೆ. ನೀರಿಗೆ ಶಕ್ತಿ ಸಾಲದೆ ಹೊರೆಯನ್ನು ಅಲ್ಲೇ ಇಳಿಸಿಬಿಡುತ್ತದೆ. ಹಿಂದೆ ಹಳದಿ, ಮುಂದೆ ಬೂದು, ನಡುವೆ ನಮಗೆ ಬೇಕಾದ ಕಪ್ಪು ಪಟ್ಟಿ. “ಬಣ್ಣ ಬದಲಾಗೋ ಜಾಗ ಹುಡುಕಿ, ಬೇರೆ ಏನೂ ಬೇಡ” ಎಂದೆ. ಒಬ್ಬ, “ಯಾವ ಪುಸ್ತಕದಲ್ಲಿದೆ ಮೇಡಂ?” ಎಂದು ಕೇಳಿದ. “ನಮ್ಮಕ್ಕನಲ್ಲಿದೆ” ಎಂದೆ.

ಹೋದ ಜುಲೈನಲ್ಲಿ ಕೊರೆದ 31ನೇ ಬೋರಿನಲ್ಲಿ ವಿಕಿರಣ ಅಳೆಯುವ ಕೌಂಟರಿನ ಮುಳ್ಳು ಸ್ವಲ್ಪ ಎದ್ದಿತ್ತಲ್ಲ, ಅಲ್ಲಿಂದ ಕೆಲಸ ಶುರುಮಾಡುತ್ತೇನೆ. ಮುಳ್ಳು ಹತ್ತಿರ ಬಂದಿದ್ದೀರಿ ಎಂದು ಮಾತ್ರ ಹೇಳುತ್ತದೆ. ಗಡಿಯ ಯಾವ ಪಕ್ಕದಲ್ಲಿದ್ದೀರಿ ಎಂದು ಹೇಳುವುದು ಬಣ್ಣ. ಕಡ್ಡಿಗಳನ್ನು ನೋಡಿ ನೀನು ಬಣ್ಣ ಬರೆಯುವ ಲಾಗ್ ಹಾಳೆಯಲ್ಲಿ 31 ಹಳದಿ ಎಂದಿದೆ. ಹಾಗಾದರೆ ನೀರು ಅದನ್ನು ದಾಟಿ ಹೋಗಿದೆ, ಹೊರೆ ಇನ್ನೂ ಮುಂದಿದೆ. ಮುಂದಕ್ಕೆ ನಾಲ್ಕು ಬೋರು ಹಾಕುತ್ತಿದ್ದೇನೆ.

ಅಮ್ಮನ ಮೊಣಕಾಲು ಹೇಗಿದೆ?

ನಿನ್ನ ಕುಳ್ಳಿ


ಜನವರಿ 17

ಕುಳ್ಳಿಗೆ,

ಅಮ್ಮನ ಮೊಣಕಾಲಿಗೇನು, ನಿನ್ನ ಹೆಸರು ಹೇಳಿದರೆ ಓಡುತ್ತದೆ. ಪೇಪರಿನಲ್ಲಿ ಬಂದ ನಿನ್ನ ಫೋಟೋಗೆ ಕಟ್ಟು ಹಾಕಿಸಿ ಊಟದ ಮೇಜಿನ ಎದುರು ತೂಗುಹಾಕಿದ್ದಾಳೆ. ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿದಿರುವ ನಿನ್ನನ್ನು ನೋಡಿಕೊಂಡೇ ನಾನು ದಿನಾ ಎರಡು ಹೊತ್ತು ಉಣ್ಣಬೇಕು. ಪಕ್ಕದ ಮನೆಯವರು ಬಂದರೆ ಅಮ್ಮ, “ಇವಳು ನಮ್ಮ ಚಿಕ್ಕವಳು, ಒಂದು ಕ್ಯಾಂಪಿಗೇ ಮುಖ್ಯಸ್ಥೆ” ಅನ್ನುತ್ತಾಳೆ. “ದೊಡ್ಡವಳು?” ಎಂದು ಅವರು ಕೇಳಿದರೆ, “ಅವಳು ಇಲ್ಲೇ, ಶೆಡ್ಡಲ್ಲಿ.” ನಾನು ಅಲ್ಲೇ ನಿಂತಿರುತ್ತೇನೆ ಕಣೇ. ಕೈಯಲ್ಲಿ ಚಹಾದ ತಟ್ಟೆ ಇರುತ್ತದೆ.

ನಿನ್ನ ಪತ್ರ ಓದಿ ನನಗೆ ಹೊಟ್ಟೆ ಉರಿಯಿತು. ತಮಾಷೆಗೆ ಹೇಳುತ್ತಿಲ್ಲ. ‘ನಮ್ಮಕ್ಕನಲ್ಲಿದೆ’ ಎಂದೆಯಂತೆ. ನಮ್ಮಕ್ಕನಲ್ಲಿ ಇದ್ದರೆ ಬಾಗಿಲ ಮೇಲಿನ ಬೋರ್ಡು ನಮ್ಮಕ್ಕನ ಕೋಣೆಗೆ ಯಾಕಿಲ್ಲ? ಹೋಗಲಿ ಬಿಡು. ಇಪ್ಪತ್ತೆರಡು ವರ್ಷದಿಂದ ಕಲ್ಲಿನ ಕಡ್ಡಿಗಳ ಬಣ್ಣ ನೋಡಿ ಹಾಳೆಗೆ ಬರೆದವಳಿಗೆ ಬೋರ್ಡು ಯಾಕೆ, ಬೆನ್ನುನೋವಿದೆಯಲ್ಲ.

ಲಾರಿ ಡ್ರೈವರೂ ನಿನ್ನ ಕಡೆಯೇ. ಮೊದಲೆಲ್ಲ, “ನಿಮ್ಮ ಕಣ್ಣು ಬಿಡಿ ಅಕ್ಕಾ, ಕಣ್ಣಲ್ಲ ಅದು ಯಂತ್ರ” ಅನ್ನುತ್ತಿದ್ದವನು ಈಗ, “ಚಿಕ್ಕಮ್ಮೋರು ಎಷ್ಟು ಸರಳ ನೋಡಿ, ಪೆಟ್ಟಿಗೆ ಅವರೇ ಎತ್ತಿಕೊಡ್ತಾರೆ” ಅನ್ನುತ್ತಾನೆ. ಎತ್ತಿದ್ದು ಒಂದು ಪೆಟ್ಟಿಗೆ ಇರಬೇಕು. ನಾನು ಎತ್ತಿದ್ದು ಸಾವಿರ ದಾಟಿದೆ, ಅದಕ್ಕೆ ಯಾರೂ ಸರಳ ಅನ್ನಲಿಲ್ಲ.

ಪೆಟ್ಟಿಗೆಯ ಜೊತೆ ನನ್ನ ಬಣ್ಣದ ಪೆನ್ಸಿಲ್ ಬೇಕೆಂದು ಕೇಳಿಕಳಿಸಿದ್ದೀಯ. ಕೊಡುವುದಿಲ್ಲ. ನನಗೆ ಹನ್ನೊಂದಿದ್ದಾಗ ಚಿತ್ರದ ಸ್ಪರ್ಧೆಯಲ್ಲಿ ಬಂದ ಹನ್ನೆರಡು ಪೆನ್ಸಿಲ್ಲುಗಳನ್ನು ಇಲಿ ಒಂದೇ ದಿನದಲ್ಲಿ ಕಡಿದು ಚೂರು ಮಾಡಿತ್ತಲ್ಲ, ನೆನಪಿದೆಯಾ? ಅವತ್ತಿನಿಂದ ನಾನು ಪೆನ್ಸಿಲ್ಲನ್ನು ತಗಡಿನ ಡಬ್ಬಿಯಲ್ಲಿ ಬೀಗ ಹಾಕಿ ಇಡುತ್ತೇನೆ. ಶೆಡ್ಡಿನ ಮೂಲೆಯಲ್ಲಿ ಇಂದಿಗೂ ಇಲಿಬೋನು ಇದೆ.

31ನೇ ಬೋರು ಹಾಳೆಯಲ್ಲಿ ಹೇಗಿದೆಯೋ ಹಾಗೆ.

ಅಕ್ಕ


ಫೆಬ್ರವರಿ 9

ಅಕ್ಕನಿಗೆ,

ಹೊಟ್ಟೆ ಉರಿಯಿತು ಎಂದು ನೀನು ಬರೆದದ್ದನ್ನು ಓದಿ ನಕ್ಕೆ. ಆಮೇಲೆ ರಾತ್ರಿ ಊಟ ಮಾಡುವಾಗ ನಗು ಬರಲಿಲ್ಲ. ಆ ಫೋಟೋ ತೆಗೆಸಿಬಿಡು. ಅಮ್ಮನಿಗೆ ನಾನು ಹೇಳಿದೆ ಅನ್ನು.

43 ಮುಗಿಯಿತು, 44 ಮುಗಿಯಿತು. ಎರಡೂ ಖಾಲಿ. ಮೇಲಿಂದ ಕೆಳತನಕ ಬೂದು. ಕೌಂಟರಿನ ಮುಳ್ಳು ನಿದ್ದೆ ಹೋದ ಹಾಗಿತ್ತು. ಕೊರೆಯುವ ಮೇಸ್ತ್ರಿಗಳು ಪೈಪು ಎಳೆದು ತೆಗೆಯುವಾಗಲೆಲ್ಲ ನನ್ನ ಮುಖ ನೋಡುತ್ತಾರೆ, ನಾನು ನಕ್ಷೆ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಾ ಕೂತಿದ್ದೆವು. ಪ್ರಯೋಗಾಲಯದಿಂದ ಬಂದಿರುವ ಉದ್ದನೆಯವರು (ನಾವು ಅವರನ್ನು ‘ಏಣಿ’ ಅನ್ನುತ್ತೇವೆ, ಎದುರಿಗಲ್ಲ), “ಒಂದ್ವೇಳೆ 31ರ ಹಾಳೇನೇ ತಪ್ಪಿದ್ರೆ?” ಎಂದರು. ನನಗೆ ಎಲ್ಲಿತ್ತೋ ಕೋಪ. “ನೋಡಿ ಸರ್, ಈ ನಕ್ಷೇಲಿ ಎಲ್ಲಾನೂ ಅನುಮಾನಿಸಿ, ನನ್ನೂ ಅನುಮಾನಿಸಿ. ನಮ್ಮಕ್ಕನ ಹಾಳೆ ತಪ್ಪು ಅಂತ ಗೊತ್ತಾದ ದಿನ ನಾನು ಈ ಕೆಲಸ ಬಿಡ್ತೀನಿ” ಎಂದುಬಿಟ್ಟೆ. ಅವರು, “ಕೇಳ್ದೆ ಅಷ್ಟೆ” ಎಂದರು.

ನಾನು ಮೊದಲ ಸಲ ಶೆಡ್ಡಿಗೆ ಬಂದಾಗ ನೀನು ಸುತ್ತಿಗೆ ಕೈಗೆ ಕೊಟ್ಟು ಹೇಳಿದ್ದು ನೆನಪಿದೆ. “ಒಡೀದೆ ಬಣ್ಣ ಬರೀಬೇಡ. ಮೇಲಿನ ಬಣ್ಣ ಸುಳ್ಳು ಹೇಳುತ್ತೆ.” ಅಂಥವಳ ಹಾಳೆಯನ್ನು ಅನುಮಾನಿಸುವುದಾದರೆ ನನಗೆ ಕಾಲಿಡಲು ಬೇರೆ ನೆಲವೇ ಇಲ್ಲ. ಗಡಿ ದಾಟಿ ಮುಂದೆ ಬಂದಿರಬೇಕು, 45ನ್ನು 31ರ ಕಡೆಗೆ ಸ್ವಲ್ಪ ಸರಿಸಿ ನಾಳೆ ಶುರು.

ನಿನ್ನ ಕುಳ್ಳಿ


ಫೆಬ್ರವರಿ 20

ಕುಳ್ಳಿಗೆ,

ಫೋಟೋ ತೆಗೆಸಲು ನೀನು ಯಾರು? ಅದು ಅಮ್ಮನ ಗೋಡೆ. ನೀನು ಹೇಳಿದ್ದಕ್ಕೆ ತೆಗೆದರೆ ಅದೂ ನಿನ್ನ ದೊಡ್ಡತನವಾಗುತ್ತದೆ. “ನೋಡು, ಎಷ್ಟು ಒಳ್ಳೆಯವಳು, ಫೋಟೋ ಬೇಡ ಅಂದಳು” ಎಂದು ಅಮ್ಮ ಇನ್ನೊಂದು ತಿಂಗಳು ಕುಯ್ಯುತ್ತಾಳೆ.

ಒಂದು ಮಾತು ಹೇಳುತ್ತೇನೆ, ನಂಬಿದರೆ ನಂಬು, ಬಿಟ್ಟರೆ ಬಿಡು. 43, 44 ಎರಡೂ ಖಾಲಿ ಎಂದು ಓದಿದಾಗ ನನಗೆ ಸಂತೋಷವಾಯಿತು. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ. ನಿನ್ನ ಪದವಿ, ನಿನ್ನ ನಕ್ಷೆ, ನಿನ್ನ ಬೋರ್ಡು ಎಲ್ಲ ಸೇರಿಯೂ ಎರಡು ತೂತು ಖಾಲಿ. ಅಪ್ಪ ತೀರಿಕೊಂಡ ವರ್ಷ ನಾನು ಡಿಪ್ಲೊಮಾಕ್ಕೇ ನಿಲ್ಲಿಸಿ ಶೆಡ್ಡಿಗೆ ಸೇರಿದೆ, ನೀನು ಕಾಲೇಜಿಗೆ ಹೋದೆ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ನಿಜ. ಬೇಡ ಎಂದವರೂ ಯಾರೂ ಇರಲಿಲ್ಲ.

ಪತ್ರದ ಮುಂದಿನ ಭಾಗಕ್ಕೆ ಬಂದೆ. ಏಣಿಗೆ ನೀನು ಹೇಳಿದ ಮಾತು. ಆ ಸಕ್ಕರೆಯ ಚಹಾ ಅರ್ಧಕ್ಕೇ ಬಿಟ್ಟೆ. ಯಾರಿಗೆ ಬೇಕಿತ್ತು ಇಂಥ ಭಾಷೆ? ಎಲ್ಲರೆದುರು ನನ್ನನ್ನು ತಲೆಯ ಮೇಲೆ ಕೂರಿಸಿಕೊಳ್ಳಲು ನಾನು ಕೇಳಿದ್ದೆನಾ? ಇನ್ನು ಮೇಲೆ ನನ್ನ ಹೆಸರು ಹಿಡಿದು ಆಣೆ ಇಡಬೇಡ.

ಈ ಸಲ ಬಂದ ಪೆಟ್ಟಿಗೆಗಳಲ್ಲಿ ಒಂಬತ್ತನೆಯದು ತಿರುವುಮುರುವಾಗಿತ್ತು, ಸರಿಮಾಡಿದೆ. ಹಾಳೆಗಳು ಜೊತೆಗಿವೆ. ಒಡೆದು ನೋಡಿಯೇ ಬರೆದಿದ್ದೇನೆ.

ಅಕ್ಕ


ಮಾರ್ಚ್ 12

ಅಕ್ಕನಿಗೆ,

45 ಖಾಲಿ. 46 ಖಾಲಿ. ಅವೂ ಬೂದು.

ಮುಖ್ಯ ಕಚೇರಿಯಿಂದ ಕಾಗದ ಬಂದಿದೆ. ಇನ್ನೊಂದೇ ಬೋರು. ಅದೂ ಖಾಲಿಯಾದರೆ ಕೊರೆಯುವ ರಿಗ್ಗನ್ನು ಬೇರೆ ಕ್ಯಾಂಪಿಗೆ ಕಳಿಸುತ್ತಾರೆ, ಇದನ್ನು ಮುಚ್ಚುತ್ತಾರೆ. ನನ್ನನ್ನು ಹಳೆಯ ನಕ್ಷೆಗಳ ನೆಲಮಾಳಿಗೆಗೆ ಹಾಕುತ್ತಾರಂತೆ. ನನ್ನ ವಿಷಯ ಬಿಡು. ಮೇಸ್ತ್ರಿಗಳೂ ಅವರ ಕೈಕೆಳಗಿನ ಎಂಟು ಜನರೂ ಈ ಕ್ಯಾಂಪಿಗಾಗಿ ಸೇರಿದವರು, ಕ್ಯಾಂಪು ಮುಚ್ಚಿದರೆ ಅವರಿಗೆ ಕೆಲಸವಿಲ್ಲ. ಮೇಸ್ತ್ರಿಗಳು ನಿನ್ನೆ ಬಂದು, “ಮೇಡಂ, ನೀವು ತೋರಿಸಿದ ಕಡೆ ಕೊರೀತೀವಿ. ಸರಿಯಾಗಿ ತೋರಿಸಿ ಅಷ್ಟೇ” ಎಂದರು. ಜೋರು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

31 ಹಳದಿ, 46 ಬೂದು ಎಂದ ಮೇಲೆ ಅವೆರಡರ ನಡುವೆಯೇ ಇರಬೇಕು, 47ನ್ನು ಅಲ್ಲಿ, 31ರ ಮುಂದಕ್ಕೆ ಹಾಕುತ್ತೇನೆ. ಮಾರ್ಚ್ 29ರಂದು ರಿಗ್ಗು ನಿಲ್ಲಿಸಿ, ವೈರ್‌ಲೆಸ್ ಮುಗಿದ ಮೇಲೆ ಕೊರೆಯಲು ಶುರು.

ನಾವು ಖಾಲಿ ಕೈಯಲ್ಲಿ ನಿಂತಾಗ ನಿನಗೆ ಸಂತೋಷವಾಯಿತು ಎಂದು ಬರೆದೆಯಲ್ಲ. ಅದನ್ನು ಮೂರು ಸಲ ಓದಿದೆ. ನಿಜ ಹೇಳಿದ್ದಕ್ಕೆ ಮೆಚ್ಚಬೇಕೋ ಅಳಬೇಕೋ ಗೊತ್ತಾಗದೆ ಪತ್ರವನ್ನು ದಿಂಬಿನ ಕೆಳಗಿಟ್ಟೆ. ನೀನು ನನ್ನನ್ನು ಬೈದುಕೋ ಅಕ್ಕಾ. ಒಂದು ಉಪಕಾರ ಮಾತ್ರ ಮಾಡು. 31ರ ಪೆಟ್ಟಿಗೆ ಶೆಡ್ಡಿನಲ್ಲೇ ಇದೆಯಲ್ಲ, ನೂರಹತ್ತು ಮೀಟರಿನ ಸುತ್ತಮುತ್ತ ಇನ್ನೊಮ್ಮೆ ಒಡೆದು ನೋಡು. ನನಗೆ ಅನುಮಾನವಿಲ್ಲ. ಉಳಿದವರ ಬಾಯಿ ಮುಚ್ಚಿಸಲು ಬೇಕು.

ಕುಳ್ಳಿ


ಮಾರ್ಚ್ 27

ಕುಳ್ಳಿ,

ಲಾರಿಯ ಗೇರ್‌ಬಾಕ್ಸ್ ಕೆಟ್ಟು ಮೂರು ದಿನ ದಾರಿಯಲ್ಲೇ ನಿಂತಿತ್ತಂತೆ. ನಿನ್ನ ಪತ್ರ ನನಗೆ ಸಿಕ್ಕಿದ್ದು ಇವತ್ತು ಮಧ್ಯಾಹ್ನ. ಲಾರಿಯನ್ನು ರಿಪೇರಿ ಮಾಡಿ ವಾಪಸ್ಸು ಹೊರಡುವುದು ಏಪ್ರಿಲ್ ಎರಡಕ್ಕೆ ಎಂದು ಡ್ರೈವರ್ ಹೇಳುತ್ತಾನೆ. ನೀನು 29ಕ್ಕೆ ಕೊರೆಯುತ್ತೀಯ. ಆದರೂ ಬರೆಯುತ್ತಿದ್ದೇನೆ. ಬರೆದರೆ ನಾಡಿದ್ದು ಬಾಯಲ್ಲಿ ಹೇಳಲು ಆದೀತು.

31ರ ಪೆಟ್ಟಿಗೆಯನ್ನು ಇಳಿಸಿ ಒಡೆದೆ. ನೋಡುವ ಮೊದಲೇ ನನಗೆ ಗೊತ್ತಿತ್ತು. ಮೇಲೆ ಹಳದಿ, ಉಗುರಿನಷ್ಟು ದಪ್ಪ. ಒಳಗೆಲ್ಲ ಬೂದು. ಮರದ ಕಪ್ಪು ಚೂರುಗಳು ಎದ್ದು ಕಾಣುತ್ತವೆ, ಹಿತ್ತಾಳೆಯಂತೆ ಮಿನುಗುವ ಕಣಗಳೂ ಇವೆ. ಯಾವ ನೀರೂ ಇದನ್ನು ಮುಟ್ಟಿಲ್ಲ. ಹದಿನಾಲ್ಕು ತುಂಡು ಒಡೆದೆ, ಹದಿನಾಲ್ಕೂ ಹಾಗೆಯೇ.

ಹೇಗಾಯಿತು ಎಂದು ಕೇಳು. ಹೋದ ವರ್ಷ ಮುಖ್ಯಸ್ಥರ ಹುದ್ದೆಗೆ ಅರ್ಜಿ ಕರೆದಾಗ ನಾನೂ ಹಾಕಿದ್ದೆ. ನಿನಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಅನುಭವವಿದ್ದರೆ ಡಿಪ್ಲೊಮಾ ಸಾಕು ಎಂದು ಅದರಲ್ಲಿ ಬರೆದಿತ್ತು. ಇಪ್ಪತ್ತೆರಡು ವರ್ಷದ ಹಾಳೆಗಳನ್ನು ನೋಡಿದವರು ಯಾರಾದರೂ ಕರೆದಾರು ಅಂದುಕೊಂಡಿದ್ದೆ. 31ರ ಪೆಟ್ಟಿಗೆ ಲಾರಿಯಿಂದ ಇಳಿದ ದಿನವೇ ಆಫೀಸಿನ ಗೋಡೆಗೆ ಆಯ್ಕೆಯಾದವರ ಪಟ್ಟಿ ಹಾಕಿದರು. ನಿನ್ನ ಹೆಸರಿತ್ತು. ಎಲ್ಲರೂ ನನ್ನ ಕೈಕುಲುಕಿದರು. “ಎಷ್ಟು ಹೆಮ್ಮೆ ಅಲ್ವಾ ಅಕ್ಕಾ?” “ಹೌದು, ಹೌದು.” ಕೈ ಕುಲುಕಿ ಕುಲುಕಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆ ಪೆಟ್ಟಿಗೆಗಳನ್ನು ಕಾಲಲ್ಲಿ ತಳ್ಳಿ ಹಿಂಬಾಗಿಲ ಹತ್ತಿರ ಬಿಟ್ಟೆ. ಅದು ನಿನ್ನ ಕ್ಯಾಂಪಾಗುವ ಜಾಗದ ಕಲ್ಲು, ನೀನೇ ಬಂದು ನೋಡಿಕೋ ಅಂದುಕೊಂಡೆ. ಮುಚ್ಚಳವೂ ಹಾಕಲಿಲ್ಲ. ಆ ಬಾಗಿಲ ಮೇಲಿನ ತಗಡು ಸೋರುತ್ತದೆಂದು ಗೊತ್ತಿದ್ದೇ ಬಿಟ್ಟೆ. ಹನ್ನೊಂದು ವಾರ ತೇವ ಕುಡಿಯಿತು. ಬೂದು ಮರಳನ್ನು ಗಾಳಿಗೆ, ತೇವಕ್ಕೆ ಬಿಟ್ಟರೆ ಪೆಟ್ಟಿಗೆಯಲ್ಲೇ ತುಕ್ಕು ಹಿಡಿದು ಹಳದಿಯಾಗುತ್ತದೆ ಎಂಬುದು ನಮ್ಮ ಶೆಡ್ಡಿನ ಮೊದಲ ಪಾಠ. ನೆಲದೊಳಗೆ ನೀರು ಎಷ್ಟೋ ಕಾಲ ಹಿಡಿದು ಮಾಡುವ ಕೆಲಸವನ್ನು ನನ್ನ ಮುನಿಸು ಹನ್ನೊಂದು ವಾರದಲ್ಲಿ ಮಾಡಿಬಿಟ್ಟಿತು. ಕೊನೆಗೆ ಆಫೀಸಿನವರು ಹಾಳೆ ಎಲ್ಲಿ ಎಂದು ಕೇಳಿದಾಗ ಒಂದೇ ಮಧ್ಯಾಹ್ನದಲ್ಲಿ, ಒಂದು ತುಂಡೂ ಒಡೆಯದೆ, ಕಂಡ ಬಣ್ಣ ಬರೆದೆ. ತಾರೀಕು ಹಾಕುವಾಗ ಕೈ ತಡೆಯಿತು. ಕೊರೆದ ವಾರದ ತಾರೀಕನ್ನೇ ಹಾಕಿದೆ. ತಾಜಾ ಇದ್ದಾಗಲೇ ನೋಡಿದೆ ಎಂಬಂತೆ.

ಅದು ತಪ್ಪಲ್ಲ ಕುಳ್ಳಿ, ಸುಳ್ಳು.

ಜನವರಿಯಲ್ಲಿ ನಿನ್ನ ಮೊದಲ ಪತ್ರ ಬಂದಾಗಲೇ ಹೇಳಬಹುದಿತ್ತು. ಹೇಳಿದರೆ ನನಗೆ ಉಳಿಯುವುದೇನು? ನಿನಗೆ ಪದವಿ ಇದೆ, ಬೋರ್ಡು ಇದೆ, ಗೋಡೆಯ ಮೇಲೆ ಫೋಟೋ ಇದೆ. ನನಗೆ ಇದ್ದದ್ದು ಒಂದೇ, ಇವಳ ಹಾಳೆ ತಪ್ಪುವುದಿಲ್ಲ ಎಂಬ ಮಾತು. ಅದನ್ನೂ ನಿನ್ನ ಕೈಗೇ ಕೊಡಬೇಕಾ ಎಂದು ಸಂಕಟವಾಯಿತು. ನಾಲ್ಕು ಬೋರು ಖಾಲಿಯಾಗುವವರೆಗೆ ಸುಮ್ಮನಿದ್ದೆ. ಆ ಒಂಬತ್ತು ಜನರ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ ಎಂದು ಬರೆಯಲು ಹೊರಟೆ. ಖಂಡಿತ ಹೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

31ರ ಹಿಂದಿರುವ 28ನೇ ಬೋರು ನಿಜವಾಗಿ ಹಳದಿ. ಅದನ್ನು ಒಡೆದು ನೋಡಿ ಬರೆದಿದ್ದೆ, ಇವತ್ತೂ ಒಡೆದೆ. 28 ಹಳದಿ, 31 ಬೂದು. ನೀನು ಹುಡುಕುವುದು ಅವೆರಡರ ನಡುವೆ ಇದೆ, ನಿನ್ನ ಬೆನ್ನ ಹಿಂದೆ.

ನಾಡಿದ್ದು ಏಳಕ್ಕೆ ವೈರ್‌ಲೆಸ್ ಕೋಣೆಗೆ ಹೋಗುತ್ತೇನೆ. “ಬರೀ 31 ಬೂದು ಎಂದು ಹೇಳಿ ಇಟ್ಟುಬಿಡಿ” ಎಂದು ಆಪರೇಟರ್ ಅಂದ. ಹಾಗೆ ಹೇಳಿದರೆ ನೀನು ನಂಬುವುದಿಲ್ಲ, ನನ್ನ ಹಾಳೆಯನ್ನೇ ನಂಬುತ್ತೀಯ. ಯಾಕೆ ಸುಳ್ಳು ಬರೆದೆ ಎಂದೂ ಹೇಳಬೇಕು. ಐದು ಕ್ಯಾಂಪು, ಆಫೀಸು ಎಲ್ಲ ಕೇಳುತ್ತವೆ. ಈ ಪತ್ರ ನಿನಗೆ ತಲುಪುವ ಹೊತ್ತಿಗೆ ನಾನು ಹೇಳಿದೆನೋ ಇಲ್ಲವೋ ಎಂದು ನಿನಗೆ ಗೊತ್ತಿರುತ್ತದೆ.

ಅಕ್ಕ


ಏಪ್ರಿಲ್ 14

ಅಕ್ಕನಿಗೆ,

ನಿನ್ನ ಪತ್ರ ಐದನೇ ತಾರೀಕು ಬಂತು. ಇಷ್ಟು ದಿನ ಉತ್ತರ ಬರೆಯಬಾರದೆಂದೇ ಬರೆಯಲಿಲ್ಲ.

29ರ ಬೆಳಿಗ್ಗೆ ನಾವೆಲ್ಲ ತಟ್ಟೆ ಹಿಡಿದು ವೈರ್‌ಲೆಸ್ ಸುತ್ತ ನಿಂತಿದ್ದೆವು. ಆಪರೇಟರ್, “ಶೆಡ್ಡಿಂದ ಒಂದು ಮಾತು” ಎಂದ. ನಿನ್ನ ದನಿ. ನೀನು ಮೊದಲು ಕೆಮ್ಮಿದೆ. “31ನೇ ಬೋರು ಬೂದು. ಹಳದಿ ಅಂತ ಬರೆದಿದ್ದು ನಾನು. ಒಡೀಲಿಲ್ಲ. ಹನ್ನೊಂದು ವಾರ ಬಿಟ್ಟು ಬರೆದು ಹಳೇ ತಾರೀಕು ಹಾಕ್ದೆ. ನನ್ನ ತಂಗಿಗೆ ಸಿಕ್ಕಿದ್ದು ನನಗೆ ಸಿಗ್ಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಮಾಡ್ದೆ. ಅಲ್ಲಿ ಕೊರೀಬೇಡ ಕುಳ್ಳಿ. ಹಿಂದಕ್ಕೆ ಬಾ.” ಎರಡನೇ ಸಲವೂ ಅದನ್ನೇ ಹೇಳಿದೆ, ಕೇಳಿಸದೆ ಹೋದರೆ ಎಂದು. ಕೇಳಿಸದವರು ಯಾರೂ ಇರಲಿಲ್ಲ.

ಯಾರೂ ನನ್ನ ಮುಖ ನೋಡಲಿಲ್ಲ. ಏಣಿಯವರು ಏನಾದರೂ ಅಂದಿದ್ದರೆ ನಾನು ತಟ್ಟೆ ಎಸೆಯುತ್ತಿದ್ದೆ. ಅವರು ತಮ್ಮ ಚಹಾವನ್ನು ನನ್ನ ಕೈಗಿಟ್ಟು ಹೋದರು. ನಾನು ರಿಗ್ಗಿನ ಹಿಂದೆ ಹೋಗಿ ಕೂತು ಅತ್ತೆ. ನಾಲ್ಕು ಬೋರು ಹಾಳಾದದ್ದಕ್ಕಲ್ಲ. ನೀನು ಅರ್ಜಿ ಹಾಕಿದ್ದನ್ನು ನನ್ನಿಂದ ಮುಚ್ಚಿಟ್ಟದ್ದಕ್ಕೆ. ಪಟ್ಟಿ ಬಂದ ದಿನ ನಾನು ಸಿಹಿ ತಿನ್ನಿಸಲು ನಿನ್ನ ಬಾಯಿಯ ಹತ್ತಿರ ಕೈ ತಂದಿದ್ದೆ. ನೀನು ತಿಂದೆ. ಆ ಬಾಯಲ್ಲೇ ಒಂದು ಮಾತು ಹೇಳಬಾರದಿತ್ತಾ?

ಮೇಸ್ತ್ರಿಗಳು ಬಂದು, “ರಿಗ್ಗು ಎತ್ತಲಾ ಮೇಡಂ?” ಎಂದರು. “ಎತ್ತಿ” ಎಂದೆ. 28ಕ್ಕೂ 31ಕ್ಕೂ ಸರಿಯಾಗಿ ನಡುವೆ ನಿಲ್ಲಿಸಿದೆವು, 47 ಅಲ್ಲೇ ಆಯಿತು. ಒಂಬತ್ತನೇ ದಿನ, ನೂರಹನ್ನೆರಡು ಮೀಟರಿನಲ್ಲಿ ಮುಳ್ಳು ಮೇಲಿನ ತುದಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಪೈಪಿನಿಂದ ಜಾರಿ ಬಂದದ್ದು ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಕಪ್ಪು ಮರಳು. ಮೇಸ್ತ್ರಿಗಳು ಹೆಲ್ಮೆಟ್ ತೆಗೆದು ನೆಲಕ್ಕೆ ಹೊಡೆದರು. ಅಡುಗೆಯವನು ಕುಣಿದ. ನಾನು ಕುಣಿಯಲಿಲ್ಲ. ನನ್ನ ಅಕ್ಕ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು, ಮರುಕ್ಷಣವೇ ಇಲ್ಲದಿದ್ದದ್ದೇ ಒಳ್ಳೆಯದು ಅನ್ನಿಸಿತು.

ಕ್ಯಾಂಪು ಉಳಿಯಿತು. ನಾನು ಕೆಲಸ ಬಿಡುತ್ತೇನೆಂದು ಹೇಳಿದ್ದೆನಲ್ಲ, ಅದನ್ನು ನೆನಪಿಸುವಷ್ಟು ಧೈರ್ಯ ಇಲ್ಲಿ ಯಾರಿಗೂ ಇಲ್ಲ. ನನಗೆ ಮಾತ್ರ ನೆನಪಿದೆ.

47ರ ಪೆಟ್ಟಿಗೆಗಳನ್ನು ಕಳಿಸಿದ್ದೇನೆ. ನೀನೇ ಬರೆಯಬೇಕು, ಬೇರೆ ಯಾರೂ ಮುಟ್ಟಬಾರದು. ಇನ್ನು ಮೇಲೆ ಪ್ರತಿ ಹಾಳೆಯ ಜೊತೆ ಒಡೆದ ತುಂಡುಗಳನ್ನೂ ಕಳಿಸು. ನಾನು ನೋಡದೆ ಸಹಿ ಹಾಕುವುದಿಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಕಷ್ಟವಾಯಿತು ಎಂದು ನಿನಗೆ ಗೊತ್ತಿರಲಿ.

ಕ್ಯಾಂಪ್ ಮುಖ್ಯಸ್ಥೆ


ಏಪ್ರಿಲ್ 25

ಕ್ಯಾಂಪ್ ಮುಖ್ಯಸ್ಥೆಯವರಿಗೆ,

ಪೆಟ್ಟಿಗೆಗಳು ಬಂದಿವೆ. ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ತುಂಡು ಕಳಿಸುತ್ತೇನೆ. ನಾನಾಗಿದ್ದರೂ ಕೇಳುತ್ತಿದ್ದೆ.

ಆಫೀಸಿನವರು ಕರೆದು ಬೈದರು, ಆರು ತಿಂಗಳು ನನ್ನ ಹಾಳೆಗೆ ಇನ್ನೊಬ್ಬರ ಸಹಿ ಬೇಕು ಎಂದು ಬರೆದುಕೊಟ್ಟರು. ಬೆಳಿಗ್ಗೆ ಶೆಡ್ಡಿಗೆ ಹೋಗುವಾಗ ಚಹಾದಂಗಡಿಯ ಮುಂದೆ ಮಾತು ನಿಲ್ಲುತ್ತದೆ. ನಾನು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಡ್ರೈವರ್ ಮಾತ್ರ, “ಅಕ್ಕಾ, ಹೊಟ್ಟೆಕಿಚ್ಚು ಯಾರಿಗಿಲ್ಲ, ನಿಮ್ಮಷ್ಟು ಜೋರಾಗಿ ಯಾರೂ ಹೇಳಲ್ಲ ಅಷ್ಟೆ” ಎಂದ.

ಅಮ್ಮನಿಗೆ ನಾನೇ ಹೇಳಿದೆ. ಊಟದ ಮೇಜಿಗೆ ಕೂತು, ನಿನ್ನ ಫೋಟೋದ ಕೆಳಗೆ, ಒಂದೂ ಬಿಡದೆ ಹೇಳಿದೆ. ಅತ್ತಾಳು ಅಂದುಕೊಂಡೆ. ಅವಳು ತುಂಬ ಹೊತ್ತು ಮೊಣಕಾಲು ತಿಕ್ಕಿಕೊಂಡಳು. ಆಮೇಲೆ, “ನೀನೂ ಅವಳ ಥರಾನೇ ಬಿಡು” ಎಂದಳು. ಯಾರ ಥರ ಎಂದೆ. “ನಿನ್ನ ತಂಗಿ. ನಿನ್ನ ಹನ್ನೆರಡು ಪೆನ್ಸಿಲ್ ಕಚ್ಚಿ ಕಚ್ಚಿ ಮುರಿದು ಹಾಕಿದ್ಲಲ್ಲ, ನಿನಗೆ ಬಂತು ತನಗೆ ಬರ್ಲಿಲ್ಲ ಅಂತ. ತುಟಿ ಎಲ್ಲ ನೀಲಿ, ಹಸಿರು. ನಾನೇ ಮುಖ ತೊಳೆದು ಇಲಿ ಅಂದೆ.”

ನಾನು ಉಣ್ಣುವುದನ್ನು ನಿಲ್ಲಿಸಿ ಗೋಡೆಯ ಮೇಲಿನ ಹಲ್ಲುಗಳನ್ನು ನೋಡಿದೆ. ಅಮ್ಮನಿಗೆ ಈಗೀಗ ಒಂದಕ್ಕೊಂದು ಕಲೆಸಿಹೋಗುತ್ತದೆ. ನಿಜ ಹೇಳು. ಇಲಿಯಾ, ನೀನಾ?

ಲಾಗ್ ಸಹಾಯಕಿ


ಮೇ 6

ಕುಳ್ಳಿ,

ನನ್ನ ಪತ್ರ ತಲುಪಿದೆ ಎಂದು ಇವತ್ತು ಬೆಳಿಗ್ಗೆ ಏಳಕ್ಕೆ ನನಗೆ, ಆಫೀಸಿಗೆ, ಐದೂ ಕ್ಯಾಂಪಿಗೆ ಗೊತ್ತಾಯಿತು.

ಆಪರೇಟರ್ ಓಡಿಬಂದು, “ಬನ್ನಿ ಅಕ್ಕಾ, ಬೇಗ ಬನ್ನಿ, ನಿಮಗೇ ಅಂತೆ” ಎಂದು ಕೈಹಿಡಿದು ಎಳೆದ. ಇನ್ನೇನು ಗತಿ ಎಂದುಕೊಂಡೇ ಓಡಿದೆ. ಆ ಕಡೆಯಿಂದ ನಿನ್ನ ದನಿ, ಆಫೀಸಿನ ಆದೇಶ ಓದುವ ಹಾಗೆ. “ಶೆಡ್ಡಿಗೆ ಸಂದೇಶ. ಮೂವತ್ತನಾಲ್ಕು ವರ್ಷದ ಹಿಂದಿನ ವಿಷಯ. ಹನ್ನೆರಡು ಬಣ್ಣದ ಪೆನ್ಸಿಲ್ ಕಚ್ಚಿದ್ದು ನಾನು. ಇಲಿ ಅಲ್ಲ. ಕಾರಣ, ಹೊಟ್ಟೆಕಿಚ್ಚು. ಎಲ್ಲಾ ಕ್ಯಾಂಪಿನವರೂ ಬರ್ಕೊಳ್ಳಿ.” ಆಮೇಲೆ ಎರಡನೇ ಸಲವೂ ಅದನ್ನೇ ಹೇಳಿದೆ, ಕೇಳಿಸದೆ ಹೋದರೆ ಎಂದು. ಯಾವುದೋ ಕ್ಯಾಂಪಿನಿಂದ ಒಬ್ಬ, “ಬರ್ಕೊಂಡ್ವಿ ಮೇಡಂ” ಎಂದ.

ಮೂವತ್ತನಾಲ್ಕು ವರ್ಷ ಇಲಿಬೋನು ಇಟ್ಟೆನಲ್ಲೇ ರಾಕ್ಷಸಿ! ವೈರ್‌ಲೆಸ್ ಕೋಣೆಯ ಕುರ್ಚಿಯಲ್ಲಿ ಕೂತು ನಗಲು ಹೋಗಿ ಅತ್ತೆ. ಆಪರೇಟರ್ ಪಾಪ ಕಿಟಕಿಯ ಕಡೆ ತಿರುಗಿ ನಿಂತ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆಯುವುದಿಲ್ಲ. ಹೋಗಿಲ್ಲ. 47ರ ಕಪ್ಪು ಮರಳನ್ನು ಕೈಯಲ್ಲಿ ಹಿಡಿದಾಗ, ಇದು ಪೈಪಿನಿಂದ ಜಾರಿ ಬರುವಾಗ ನಾನು ಅಲ್ಲಿರಬೇಕಿತ್ತು ಎಂದು ಮತ್ತೆ ಉರಿಯಿತು. ಉರಿಯುತ್ತಲೇ ಬರೆದೆ. ಹಾಳೆಯಲ್ಲಿ ತಾರೀಕಿಗೆ ಒಂದೇ ಜಾಗವಿದೆ. ಪಕ್ಕದಲ್ಲಿ ಗೆರೆ ಎಳೆದು ಎರಡು ಮಾಡಿದ್ದೇನೆ. ಒಂದು ಕೊರೆದ ದಿನ, ಇನ್ನೊಂದು ನಾನು ನೋಡಿದ ದಿನ. ಆಫೀಸಿನವರು ಒಪ್ಪಿದರೆ ಮುಂದೆ ಹಾಗೆಯೇ ಅಚ್ಚು ಹಾಕಿಸುತ್ತಾರಂತೆ.

ನೀನು ಕೇಳಿದ್ದ ಪೆನ್ಸಿಲ್ ಡಬ್ಬಿಯನ್ನು ಚೀಲದಲ್ಲಿಟ್ಟಿದ್ದೇನೆ. ಬೀಗ ತೆಗೆದಿದ್ದೇನೆ. ಕಚ್ಚಬೇಡ.

47ರ ಹಾಳೆಗಳೂ ಒಡೆದ ತುಂಡುಗಳೂ ಅದರ ಕೆಳಗಿವೆ. ಜೊತೆಗೆ ಒಡೆಯದ ಒಂದು ತುಂಡನ್ನೂ ಇಟ್ಟಿದ್ದೇನೆ. ಅದರ ಬಣ್ಣ ಬರೆದಿಲ್ಲ, ಆ ಸಾಲು ಖಾಲಿ ಇದೆ. ಅದನ್ನು ನೀನು ಒಡೆದು ಬರಿ.

ಅಕ್ಕ